ಮಾಳಿಗೆ ಒಣಗಿರಲಿ

‘ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ’ ಎಂಬ ಗಾದೆಯನ್ನು ಕೇಳದವರಿಲ್ಲ. ಹೊಲದ ಮಟ್ಟಿಗೆ ಅದು ಸರಿಯಾದ ಮಾತು. ಆದರೆ ಹಳೆಯ ಮಣ್ಣಿನ ಮಾಳಿಗೆಯ ಕೆಳಗೆ ಮಲಗುವವರ ಮುಂದೆ ಈ ಗಾದೆಯನ್ನು ಹೇಳಿ ನೋಡಿ. ಅವರು ಒಮ್ಮೆ ತೊಲೆಯ ಕಡೆಗೆ ಕಣ್ಣೆತ್ತಿ ನೋಡಿ ಸುಮ್ಮನಾಗುತ್ತಾರೆ. ಹೊಲ ಬೇಡುವ ಮಳೆಗೆ ಮನೆ ಅಂಜುತ್ತದೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಕಲಬುರಗಿ ಜಿಲ್ಲೆಯ ಈ ಐದು ಊರುಗಳ ಹವೆ ಬಹುಮಟ್ಟಿಗೆ ಒಂದೇ ಬಗೆಯದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು 42 ಡಿಗ್ರಿ ಸೆಲ್ಸಿಯಸ್ ದಾಟುವುದು ಇಲ್ಲಿ ವಾಡಿಕೆ. ಆಗ ಬರಿಯ ಕಲ್ಲಿನ ಇಲ್ಲವೆ ಕಾಂಕ್ರೀಟಿನ ಮಾಳಿಗೆಯ ಮೈ ನಡುಹಗಲಲ್ಲಿ 60 ಡಿಗ್ರಿಯವರೆಗೂ ಕಾಯುವುದುಂಟು. ವರ್ಷಕ್ಕೆ ಬೀಳುವ ಮಳೆ ಸುಮಾರು 750 ಮಿಲಿಮೀಟರ್; ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿದುಹೋಗುತ್ತದೆ. ಹೀಗಿರುವಲ್ಲಿ ನಮ್ಮ ಮಾಳಿಗೆ ಎರಡು ಕೆಲಸಗಳನ್ನು ಮಾಡಬೇಕು. ಎಂಟು ತಿಂಗಳು ಬಿಸಿಲನ್ನು ತಡೆಯಬೇಕು. ನಾಲ್ಕು ತಿಂಗಳು ನೀರನ್ನು ತಡೆಯಬೇಕು. ಇವೆರಡನ್ನು ನಾವು ಬೇರೆಬೇರೆ ಕೆಲಸಗಳೆಂದು ಎಣಿಸುತ್ತೇವೆ. ನಿಜವಾಗಿ ಅವು ಒಂದೇ. ಬಿಸಿಲನ್ನು ತಡೆಯುವ ಪದರ ಯಾವುದೇ ಇರಲಿ, ಅದು ಒಣಗಿದ್ದರೆ ಮಾತ್ರ ತನ್ನ ಕೆಲಸ ಮಾಡೀತು. ಒದ್ದೆಯಾದ ಕೂಡಲೆ ಅದು ಉಪಕಾರ ಮಾಡುವುದನ್ನು ಬಿಟ್ಟು ಅಪಕಾರಕ್ಕೆ ತೊಡಗುತ್ತದೆ.

ಒದ್ದೆಯಾದರೆ ಏನು ಕೆಡುತ್ತದೆ?

ಶಾಖವನ್ನು ತಡೆಯುವುದು ಮಣ್ಣಲ್ಲ, ಹತ್ತಿಯಲ್ಲ, ಗಾಜಿನ ನಾರಲ್ಲ. ಅವುಗಳ ಸಂದುಗಳಲ್ಲಿ ಸಿಕ್ಕಿಬಿದ್ದು ಅಲುಗಾಡದೆ ನಿಂತ ಗಾಳಿ. ಚಳಿಗಾಲದಲ್ಲಿ ನಾವು ಹೊದೆಯುವ ಕೌದಿಯ ಗುಟ್ಟೂ ಇದೇ. ಕೌದಿಯ ಬಟ್ಟೆಗಳ ನಡುವಿನ ಗಾಳಿಯೇ ನಮ್ಮನ್ನು ಬೆಚ್ಚಗಿಡುತ್ತದೆ. ಅದೇ ಕೌದಿಯನ್ನು ನೀರಿನಲ್ಲಿ ಅದ್ದಿ ಹೊದ್ದುಕೊಂಡರೆ ಏನಾದೀತೆಂದು ಹೇಳಬೇಕಾಗಿಲ್ಲ. ನಿಂತ ಗಾಳಿಗಿಂತ ನೀರು ಇಪ್ಪತ್ತಕ್ಕೂ ಹೆಚ್ಚು ಪಾಲು ಬೇಗ ಶಾಖವನ್ನು ಸಾಗಿಸುತ್ತದೆ. ಆದುದರಿಂದ ಮಾಳಿಗೆಯ ಮಣ್ಣಿನ ಸಂದುಗಳಲ್ಲಿ ಗಾಳಿಯ ಬದಲು ನೀರು ತುಂಬಿಕೊಂಡರೆ, ಬಿಸಿಲನ್ನು ತಡೆಯಬೇಕಾದ ಪದರವೇ ಅದನ್ನು ಒಳಗೆ ಕರೆದು ತರುತ್ತದೆ.

ಎರಡನೆಯದು ಭಾರ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಒಂದು ಕೋಣೆಯ ಮೇಲೆ ಒಂದು ಅಡಿ ದಪ್ಪ ಮಣ್ಣಿದೆ ಎಂದಿಟ್ಟುಕೊಳ್ಳೋಣ. ಒಣಗಿದಾಗ ಆ ಮಣ್ಣಿನ ತೂಕ ಸುಮಾರು ನಾಲ್ಕೂವರೆ ಟನ್. ಚೆನ್ನಾಗಿ ನೆನೆದರೆ ಐದೂವರೆ ಟನ್ನಿನ ಹತ್ತಿರ ಹೋಗುತ್ತದೆ. ಅಂದರೆ ಒಂದು ವಾರದ ಜಡಿಮಳೆ ಹತ್ತು ಕ್ವಿಂಟಲ್ ತೊಗರಿಯ ಚೀಲಗಳನ್ನು ಸದ್ದಿಲ್ಲದೆ ತಂದು ನಮ್ಮ ತಲೆಯ ಮೇಲೆ ಒಟ್ಟಿದಂತೆ.

ಮೂರನೆಯದು ಮರದ ಕೇಡು. ತೊಲೆ ಜಂತಿಗಳು ಒಣಗಿದ್ದಷ್ಟು ದಿನ ತಲೆಮಾರುಗಳವರೆಗೆ ಬಾಳುತ್ತವೆ. ಬಹುಕಾಲ ತೇವ ಹಿಡಿದರೆ ಅವುಗಳಿಗೆ ಬೂಷ್ಟು ಹತ್ತುತ್ತದೆ, ಗೆದ್ದಲು ಬರುತ್ತದೆ. ಭಾರ ಹೆಚ್ಚಿದ ಹೊತ್ತಿಗೇ ಹೊರುವವನ ಬಲ ಕುಗ್ಗುತ್ತದೆ. ಮಳೆಗಾಲದಲ್ಲಿ ಮಾಳಿಗೆ ಕುಸಿದ ಸುದ್ದಿಗಳು ಮೊದಲ ಮಳೆಗಿಂತ ಹಲವು ದಿನ ಬಿಡದೆ ಸುರಿದ ಮಳೆಯ ಕೊನೆಗೆ ಹೆಚ್ಚಾಗಿ ಬರುವುದು ಈ ಕಾರಣದಿಂದ.

ಮಣ್ಣಿನ ಮಾಳಿಗೆ

ಮೈಸೂರು ಕಡೆಯಲ್ಲಿ ಮಾಳಿಗೆ ಎಂದರೆ ಮಹಡಿ. ನಮ್ಮ ಕಡೆ ಮಾಳಿಗೆ ಎಂದರೆ ಮಣ್ಣು ಮುಚ್ಚಿದ ಮಟ್ಟಸದ ಛಾವಣಿ. ಗೋಡೆಗಳ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಗಳ ಮೇಲೆ ಕಟ್ಟಿಗೆಯ ತುಂಡುಗಳು ಇಲ್ಲವೆ ಕಲ್ಲಿನ ಹಾಸು, ಅದರ ಮೇಲೆ ಸೊಪ್ಪುಸದೆ, ಎಲ್ಲಕ್ಕೂ ಮೇಲೆ ಬಡಿದು ಕೂಡಿಸಿದ ಮಣ್ಣು. ಬೇಸಗೆಯ ರಾತ್ರಿ ಮಲಗಲು, ಹಪ್ಪಳ ಸಂಡಿಗೆ ಒಣಹಾಕಲು, ಮೆಣಸಿನಕಾಯಿ ಹರವಲು ಅದೇ ಅಂಗಳ. ನಡುಹಗಲಲ್ಲಿ ಅದರ ಕೆಳಗೆ ಕುಳಿತರೆ ಹೊರಗಿನ ಬಿಸಿಲು ಮರೆತುಹೋಗುತ್ತದೆ.

ಮಣ್ಣಿನ ಮಾಳಿಗೆ ಸೋರದಿರುವುದು ಹೇಗೆ? ಎಲ್ಲ ಮಣ್ಣೂ ಈ ಕೆಲಸಕ್ಕೆ ಬರುವುದಿಲ್ಲ. ನಮ್ಮ ಹೊಲದ ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬೆರಳು ತೂರುವಷ್ಟು ಬಿರಿಯುತ್ತದೆ. ಅದನ್ನು ಮಾಳಿಗೆಗೆ ಹಾಕಿದರೆ ಬೇಸಗೆಯಲ್ಲಿ ಬಿರುಕುಬಿಟ್ಟು, ಮೊದಲ ಮಳೆಗೆ ಆ ಬಿರುಕಿನಿಂದಲೇ ನೀರನ್ನು ಇಳಿಸುತ್ತದೆ. ಇದನ್ನು ಅರಿತ ಹಿರಿಯರು ಮೇಲಿನ ಪದರಕ್ಕೆ ಸವಳು ಮಣ್ಣನ್ನು ಹುಡುಕಿ ತರುತ್ತಿದ್ದರು. ಬೆಳೆ ಬಾರದ ನೆಲದ ಈ ಮಣ್ಣಿನಲ್ಲಿ ಸೋಡಿಯಂ ಲವಣ ಹೆಚ್ಚು. ನೀರು ತಾಗಿದೊಡನೆ ಇದರ ಜೇಡಿಯ ಕಣಗಳು ಬಿಡಿಬಿಡಿಯಾಗಿ ಹರಡಿ ಸಣ್ಣ ಸಂದುಗಳನ್ನೆಲ್ಲ ಮುಚ್ಚುತ್ತವೆ. ಬೆಳೆಯ ಬೇರಿಗೆ ನೀರಿಳಿಯಗೊಡದ ದೋಷವೇ ಮಾಳಿಗೆಗೆ ಗುಣವಾಗುತ್ತದೆ. ಉಪ್ಪಿನ ಗುಣದಿಂದ ಹುಲ್ಲೂ ಅಷ್ಟಾಗಿ ಮೊಳೆಯುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ಈ ಮಣ್ಣಿನ ಉಪ್ಪು ಕಬ್ಬಿಣಕ್ಕೆ ವೈರಿ. ಕಬ್ಬಿಣದ ತೊಲೆಯಿರುವ ಮಾಳಿಗೆಗೆ, ತಗಡಿಗೆ, ಕಾಂಕ್ರೀಟಿನ ಛಾವಣಿಗೆ ಸವಳು ಮಣ್ಣನ್ನು ಹಾಕಬಾರದು.

ಮಣ್ಣಿಗಿಂತ ದೊಡ್ಡದು ಇಳಿಜಾರು. ಮಣ್ಣಿನ ಮಾಳಿಗೆಯಲ್ಲಿ ಹತ್ತು ಅಡಿಗೆ ಮೂರು ಅಂಗುಲದಷ್ಟಾದರೂ ಇಳಿಜಾರಿರಬೇಕು. ಒಂದು ಅಂಗುಲ ಮಳೆ ಬಿದ್ದರೆ ನಾವು ಮೇಲೆ ಹೇಳಿದ ಚಿಕ್ಕ ಕೋಣೆಯ ಮೇಲೂ ಸುಮಾರು 235 ಲೀಟರ್, ಎಂದರೆ ಹದಿನೈದು ಹದಿನಾರು ಕೊಡ ನೀರು ಬಂದು ಬೀಳುತ್ತದೆ. ಅದು ನಿಲ್ಲದೆ ದೋಣಿಯ ಮೂಲಕ ಹೊರಗೆ ಹೋಗಬೇಕು. ದೋಣಿಯ ತುದಿ ಗೋಡೆಯಿಂದ ಎರಡು ಅಡಿಯಾದರೂ ಮುಂದೆ ಚಾಚಿರಬೇಕು. ಇಲ್ಲದಿದ್ದರೆ ಮಾಳಿಗೆಯಿಂದ ಬಿಟ್ಟ ನೀರು ಗೋಡೆಯನ್ನು ಹಿಡಿದು ಇಳಿದು ಬುಡವನ್ನು ಕೊರೆಯುತ್ತದೆ. ಚಿಂಚೋಳಿಯ ಕಡೆ ಕಾಡಿನ ಅಂಚಿನ ಹಳ್ಳಿಗಳಲ್ಲಿ ದೋಣಿಗೆ ತರಗೆಲೆ ತುಂಬುತ್ತದೆ. ಗಣಿ ಕಾರ್ಖಾನೆಗಳ ನೆರೆಯ ಮನೆಗಳ ಮೇಲೆ ಕಲ್ಲಿನ ನಯವಾದ ಧೂಳು ಕೂಡುತ್ತದೆ. ಮಳೆ ತಾಗಿ ಅದು ಕೆಸರಾಗಿ ದೋಣಿಯ ಬಾಯಿ ಕಟ್ಟುತ್ತದೆ. ಕಾರಣ ಬೇರೆಯಾದರೂ ಫಲ ಒಂದೇ, ಕುಂಬಿಯ ಒಳಗೆ ನೀರು ಕೆರೆಯಾಗಿ ನಿಲ್ಲುತ್ತದೆ.

ವರ್ಷ ವರ್ಷ ಮಣ್ಣು ಏರಿಸುವ ರೂಢಿ

ಸೋರುವ ಮಾಳಿಗೆಗೆ ನಮ್ಮಲ್ಲಿ ಎಲ್ಲರಿಗೂ ತಿಳಿದ ಮದ್ದು ಒಂದೇ: ಮೇಲೆ ಇನ್ನಷ್ಟು ಮಣ್ಣು ಹಾಕುವುದು. ಮಿರಗ ಕೂಡುವ ಮುನ್ನ ಎರಡು ಗಾಡಿ ಮಣ್ಣು ಏರಿಸಿ ಬಡಿದರೆ ಆ ವರ್ಷಕ್ಕೆ ನೆಮ್ಮದಿ. ಮರುವರ್ಷ ಮತ್ತೆ ಎರಡು ಗಾಡಿ. ಹೀಗೆ ಅಪ್ಪ ಹಾಕಿದ ಮಣ್ಣಿನ ಮೇಲೆ ಮಗ, ಮಗ ಹಾಕಿದ್ದರ ಮೇಲೆ ಮೊಮ್ಮಗ ಹಾಕುತ್ತ ಹೋದರೆ ಮಾಳಿಗೆಯ ದಪ್ಪ ಎಲ್ಲಿಗೆ ಮುಟ್ಟೀತು?

ಇದನ್ನು ತಿಳಿಯಲು ಒಂದು ಸುಲಭ ಉಪಾಯವುಂಟು. ಮಾಳಿಗೆಯ ಬೆಳಕಿಂಡಿಯ ಬಳಿ ಹೋಗಿ ನೋಡಿ. ಬೆಳಕಿಂಡಿಯ ಕಟ್ಟೆಯನ್ನು ಕಟ್ಟುವಾಗ ಮಣ್ಣಿಗಿಂತ ಒಂದು ಗೇಣಾದರೂ ಎತ್ತರಕ್ಕೆ ಕಟ್ಟಿರುತ್ತಾರೆ. ಇಂದು ಆ ಕಟ್ಟೆ ಮಣ್ಣಿನ ಮಟ್ಟಕ್ಕೆ ಬಂದಿದ್ದರೆ ಅಷ್ಟೂ ದಪ್ಪ ಆಮೇಲೆ ಏರಿದ್ದು. ಕಿಂಡಿಯೊಳಗೆ ಕೋಲು ಇಳಿಬಿಟ್ಟು ಜಂತಿಯಿಂದ ಮಣ್ಣಿನ ಮೇಲ್ಮೈವರೆಗೆ ಅಳೆದರೆ ಲೆಕ್ಕ ಸರಿಯಾಗಿ ಸಿಗುತ್ತದೆ. ಒಂದು ಅಡಿಗಿಂತ ಹೆಚ್ಚಿದ್ದರೆ ಇನ್ನು ಮಣ್ಣು ಹಾಕುವುದು ಬೇಡ. ತೆಗೆಯುವ ಮಾತನ್ನು ಯೋಚಿಸಬೇಕು.

ಇದು ಬರಿಯ ಅಂಜಿಕೆಯ ಮಾತಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ನೆರೆಯ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತಮುತ್ತ ಭೂಮಿ ನಡುಗಿತು. ಕಲಬುರಗಿ ಜಿಲ್ಲೆಯಲ್ಲಿಯೂ ಜನ ಎದ್ದು ಹೊರಗೋಡಿದರು. ಅಂದು ಸುಮಾರು ಹತ್ತು ಸಾವಿರ ಜನ ಮಡಿದರು. ಬಹುಮಂದಿಯ ಮೇಲೆ ಬಿದ್ದದ್ದು ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆ ಮತ್ತು ಅದರ ಮೇಲೆ ವರ್ಷ ವರ್ಷ ಏರಿಸುತ್ತ ಬಂದ ದಪ್ಪ ಮಣ್ಣಿನ ಮಾಳಿಗೆ. ಅಲ್ಲಿಯ ಮನೆಗಳ ಕಟ್ಟಡ ನಮ್ಮ ಹಳೆಯ ಮನೆಗಳದ್ದನ್ನೇ ಹೋಲುತ್ತಿತ್ತು. ಭೂಕಂಪ ಅಪರೂಪ, ಮಳೆ ಪ್ರತಿವರ್ಷ ಬರುತ್ತದೆ. 2020ರ ಅಕ್ಟೋಬರ್‌ನಲ್ಲಿ ಕಾಗಿಣಾ, ಭೀಮಾ ನದಿಗಳು ಉಕ್ಕಿ ಹರಿದಾಗ ಈ ತಾಲ್ಲೂಕುಗಳ ಹಳೆಯ ಮಾಳಿಗೆ ಮನೆಗಳು ಎಂಥ ಪರೀಕ್ಷೆಗೆ ಒಳಗಾದುವೆಂಬುದನ್ನು ಇಲ್ಲಿಯವರು ಕಂಡಿದ್ದಾರೆ.

ಹಾಗಾದರೆ ಸೋರಿಕೆಗೆ ಏನು ಮಾಡಬೇಕು? ಮೇಲಿನ ನಾಲ್ಕಾರು ಅಂಗುಲ ಹಳೆಯ ಮಣ್ಣನ್ನು ಮೊದಲು ಕೆರೆದು ಕೆಳಗಿಳಿಸಬೇಕು. ಇಲಿಯ ಬಿಲ, ಹುಲ್ಲಿನ ಬೇರು ಕಂಡಲ್ಲಿ ಇನ್ನೂ ಆಳಕ್ಕೆ ಅಗೆದು, ತೇವಗೂಡಿಸಿದ ಮಣ್ಣನ್ನು ತುಂಬಿ ಬಡಿಯಬೇಕು. ಆಮೇಲೆ ತೆಗೆದಷ್ಟೇ ಮಣ್ಣನ್ನು ಹಾಕಿ ಇಳಿಜಾರನ್ನು ಸರಿಪಡಿಸಬೇಕು. ಇಳಿಸಿದ್ದು ಎಷ್ಟೋ ಏರಿಸಿದ್ದೂ ಅಷ್ಟೇ ಎಂಬ ನಿಯಮವನ್ನು ಹಿಡಿದರೆ ಮಾಳಿಗೆ ಎಂದೂ ಭಾರವಾಗದು. ಕೆಲಸ ಮಾಡುವಾಗ ಮಣ್ಣನ್ನು ಒಂದೇ ಮೂಲೆಯಲ್ಲಿ ರಾಶಿ ಹಾಕಬಾರದು. ಕೆಳಗಿನ ಕೋಣೆಯಲ್ಲಿ ಯಾರೂ ಇರಬಾರದು.

ಮೇಲೆ ಮುಚ್ಚಿದರೆ ಸಾಲದು

ಈಚೆಗೆ ಎರಡು ಹೊಸ ಮದ್ದುಗಳು ಬಂದಿವೆ. ಒಂದು, ಮಾಳಿಗೆಯ ಮೇಲೆ ಪ್ಲಾಸ್ಟಿಕ್ ತಾಡಪತ್ರಿ ಹಾಸುವುದು. ಇನ್ನೊಂದು, ಮಣ್ಣಿನ ಮೇಲೆ ಸಿಮೆಂಟಿನ ಗಿಲಾವು ಎಳೆಯುವುದು.

ತಾಡಪತ್ರಿ ಕೆಟ್ಟದ್ದಲ್ಲ. ಹತ್ತು ದಿನ ಬಿಡದೆ ಮಳೆ ಹಿಡಿದಾಗ ಅದು ಮನೆಯನ್ನು ಕಾಯುತ್ತದೆ. ಆದರೆ ಒದ್ದೆಯಾದ ಮಣ್ಣಿನ ಮೇಲೆ ಅದನ್ನು ಹಾಸಿ, ದೀಪಾವಳಿಯವರೆಗೂ ತೆಗೆಯದೆ ಬಿಟ್ಟರೆ ಕೆಳಗಿನ ತೇವ ಮೇಲಕ್ಕೆ ಆರಿಹೋಗುವ ದಾರಿ ಮುಚ್ಚುತ್ತದೆ. ಆ ತೇವ ಕೆಳಗಿನ ಜಂತಿಯ ಕಡೆಗೇ ಸಾಗುತ್ತದೆ. ಆದುದರಿಂದ ಮಳೆ ಹೊಳವಾಗಿ ಬಿಸಿಲು ಬಿದ್ದ ದಿನ ತಾಡಪತ್ರಿಯನ್ನು ಸುತ್ತಿಟ್ಟು ಮಾಳಿಗೆಗೆ ಗಾಳಿಯಾಡಿಸಬೇಕು. ಒಗೆದ ಬಟ್ಟೆಯನ್ನು ಮಡಿಚಿ ಪೆಟ್ಟಿಗೆಯಲ್ಲಿ ಇಡುವ ಮೊದಲು ಒಣಗಿಸುವುದಿಲ್ಲವೆ? ಇದೂ ಹಾಗೆಯೇ.

ಮಣ್ಣಿನ ಮೇಲಿನ ಸಿಮೆಂಟಂತೂ ತಾಡಪತ್ರಿಗಿಂತ ಕೇಡಿನದು, ಏಕೆಂದರೆ ಅದನ್ನು ಸುತ್ತಿಡಲು ಬಾರದು. ಮಣ್ಣು ಹವೆಗೆ ತಕ್ಕಂತೆ ಉಬ್ಬಿ ಕುಗ್ಗುತ್ತದೆ; ಮೇಲಿನ ಗಟ್ಟಿ ಸಿಮೆಂಟು ಅದರ ಜೊತೆಗೆ ಬಾಗಲಾರದೆ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಬಿರುಕಿನಿಂದ ನೀರು ಇಳಿಯುತ್ತದೆ. ಇಳಿದ ನೀರು ಮೇಲೇರಿ ಆರಲು ಎಡೆಯಿಲ್ಲ. ಒಳಗೆ ಮಣ್ಣು ಹಸಿಯಾಗಿಯೇ ಕುಳಿತಿದ್ದರೂ ಮೇಲೆ ನೋಡಿದವರಿಗೆ ನೆಲ ಗಟ್ಟಿಯಾಗಿ ಕಾಣುತ್ತದೆ.

ಗಟ್ಟಿಯಾದ ಹೊದಿಕೆಯೇ ಬೇಕೆನ್ನುವವರಿಗೆ ಹಿಂದಿನ ಗೌಂಡಿಗಳು ಸುಣ್ಣದ ಗಚ್ಚು ಹಾಕುತ್ತಿದ್ದರು. ಇಟ್ಟಿಗೆಯ ಚೂರು, ಸುಣ್ಣ, ಇಟ್ಟಿಗೆ ಪುಡಿ ಕೂಡಿಸಿ, ಬೆಲ್ಲ ಮತ್ತು ಬಿಲ್ವದ ಕಾಯಿ ಕಲಸಿದ ನೀರು ಚಿಮುಕಿಸುತ್ತ ದಿನಗಟ್ಟಲೆ ಬಡಿದು ಮಾಡಿದ ಗಚ್ಚು ಅದು. ಸುಣ್ಣಕ್ಕೆ ಸಿಮೆಂಟಿಗಿಂತ ಬಾಗುವ ಗುಣ ಹೆಚ್ಚು. ತೇವ ಒಳಗೆ ಹೋದರೂ ಆರಿ ಹೊರಬರಲು ಅದು ಬಿಡುತ್ತದೆ. ಕಲ್ಲು ಹಾಸಿದ ಗಟ್ಟಿ ಮಾಳಿಗೆಗೆ ಇದು ತಕ್ಕದ್ದು.

ಫರಸಿ ಕಲ್ಲಿನ ಛಾವಣಿ

ಶಹಾಬಾದಿನ ಕಲ್ಲಿನ ಹೆಸರು ದೇಶದಲ್ಲೆಲ್ಲ ಪ್ರಸಿದ್ಧ. ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೇಲೆ ಸಿಕಂದರಾಬಾದಿಗೆ 1874ರಲ್ಲಿ ರೈಲು ಹಾದಿ ತೆರೆದಿತ್ತು. ರೈಲು ಬಂದ ಮೇಲೆ ದೂರದ ಊರುಗಳ ನೆಲಕ್ಕೂ ಈ ಹಾಸುಗಲ್ಲು ಹೋಯಿತು. ನಮ್ಮ ಊರುಗಳಲ್ಲಿ ಅದು ನೆಲಕ್ಕೂ ಆಯಿತು, ಗೋಡೆಗೂ ಆಯಿತು, ಛಾವಣಿಗೂ ಆಯಿತು. ಈ ಸುಣ್ಣಕಲ್ಲು ಪದರಪದರವಾಗಿ ಏಳುತ್ತದೆ. ಕಣ ನಯ, ಮೈ ಬಿಗಿ. ನೀರನ್ನು ಬಹಳ ಕಡಿಮೆ ಹೀರುತ್ತದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ ಕನಗನಹಳ್ಳಿಯಲ್ಲಿ ನೆಲದಡಿಯಿಂದ ಹೊರಬಂದ ಬೌದ್ಧ ಸ್ತೂಪದ ಶಿಲ್ಪಫಲಕಗಳು ಈ ಸೀಮೆಯ ಸುಣ್ಣಕಲ್ಲಿನವೇ. ಸುಮಾರು ಎರಡು ಸಾವಿರ ವರ್ಷ ಕಳೆದರೂ ಅವುಗಳ ಮೇಲಿನ ಗೆರೆ ಮಾಸಿಲ್ಲ.

ಹೀಗಿರುವಾಗ ಫರಸಿಯ ಛಾವಣಿ ಸೋರುವುದೇಕೆ? ಸೋರುವುದು ಕಲ್ಲಲ್ಲ, ಸಂದು. ಹಗಲು ಕಾದು ರಾತ್ರಿ ತಣಿಯುವಾಗ ಪ್ರತಿಯೊಂದು ಹಾಸೂ ಕೂದಲೆಳೆಯಷ್ಟು ಹಿಗ್ಗಿ ಕುಗ್ಗುತ್ತದೆ. ಸಂದಿನಲ್ಲಿ ತುಂಬಿದ ಬಿರುಸಾದ ಸಿಮೆಂಟು ಒಂದೆರಡು ಬೇಸಗೆಯಲ್ಲಿ ಕಲ್ಲನ್ನು ಬಿಟ್ಟು ನಿಲ್ಲುತ್ತದೆ. ಸಂದನ್ನು ಕೆರೆದು, ಧೂಳು ತೊಳೆದು, ಸುಣ್ಣ ಬೆರೆತ ಮೆದುವಾದ ಗಾರೆಯಿಂದ ತುಂಬುವುದು ಲೇಸು. ಮೇಲೆ ಮೇಲೆ ಸಿಮೆಂಟಿನ ನೀರು ಸುರಿದರೆ ಹಣ ಹೋದೀತು, ಸೋರಿಕೆ ಹೋಗದು. ಕಲ್ಲು ನೀರನ್ನು ತಡೆದರೂ ಬಿಸಿಲನ್ನು ತಡೆಯುವುದಿಲ್ಲ ಎಂಬುದನ್ನೂ ಮರೆಯಬಾರದು. ಅದಕ್ಕಾಗಿ ಬೇಸಗೆಯ ಮೊದಲು ಮೇಲ್ಮೈಗೆ ದಟ್ಟವಾಗಿ ಬಿಳಿಯ ಸುಣ್ಣ ಬಳಿಯುವುದು ಎಲ್ಲಕ್ಕಿಂತ ಅಗ್ಗದ ಉಪಾಯ. ಬಿಳಿಯ ಮೈ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಇದರಲ್ಲಿ ಭಾರವಿಲ್ಲ, ತೇವ ಹಿಡಿಯುವ ಭಯವಿಲ್ಲ.

ಒಳಗಿನಿಂದ ಬರುವ ನೀರು

ಇಲ್ಲಿಯವರೆಗೆ ಮೇಲಿನಿಂದ ಬೀಳುವ ನೀರಿನ ಮಾತಾಯಿತು. ಒಳಗಿನಿಂದ ಏರುವ ನೀರು ಬೇರೆ ಇದೆ. ಅದು ಕಣ್ಣಿಗೆ ಕಾಣದು. ಒಬ್ಬ ದೊಡ್ಡ ಮನುಷ್ಯನ ಉಸಿರು ಮತ್ತು ಬೆವರಿನಿಂದ ದಿನಕ್ಕೆ ಸುಮಾರು ಒಂದು ಲೀಟರ್ ನೀರು ಆವಿಯಾಗಿ ಗಾಳಿ ಸೇರುತ್ತದೆ. ಅನ್ನ ಬೇಯುವಾಗ, ಸ್ನಾನದ ನೀರು ಕಾಯುವಾಗ, ಮಳೆಗಾಲದಲ್ಲಿ ಹಸಿ ಬಟ್ಟೆಯನ್ನು ಒಳಗೆ ಹರವಿದಾಗ ಏಳುವ ಆವಿ ಬೇರೆ. ಅಡಿಗೆಯ ಗ್ಯಾಸು ಉರಿಯುವಾಗಲೂ ನೀರು ಹುಟ್ಟುತ್ತದೆ ಎಂದರೆ ಕೆಲವರಿಗೆ ಆಶ್ಚರ್ಯವಾದೀತು. ಒಂದು ಕಿಲೋ ಗ್ಯಾಸು ಉರಿದರೆ ಒಂದೂವರೆ ಲೀಟರಿಗೂ ಮಿಕ್ಕಿ ನೀರಿನ ಆವಿ ಬರುತ್ತದೆ. 14.2 ಕಿಲೋದ ಒಂದು ಸಿಲಿಂಡರು ಮುಗಿಯುವ ಹೊತ್ತಿಗೆ ನಮ್ಮ ಅಡಿಗೆಮನೆಯ ಗಾಳಿಗೆ ಸುಮಾರು 22 ಲೀಟರ್ ನೀರು ಸೇರಿರುತ್ತದೆ.

ಬಿಸಿ ಗಾಳಿ ಹೆಚ್ಚು ಆವಿಯನ್ನು ಹೊರುತ್ತದೆ, ತಣ್ಣನೆಯ ಗಾಳಿ ಕಡಿಮೆ ಹೊರುತ್ತದೆ. 30 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ಆವಿಯನ್ನು ಹಿಡಿದರೆ, 20 ಡಿಗ್ರಿಯ ಗಾಳಿ ಹಿಡಿಯುವುದು ಸುಮಾರು 17 ಗ್ರಾಂ ಮಾತ್ರ. ಆವಿ ತುಂಬಿದ ಗಾಳಿ ತಣ್ಣನೆಯ ಮೈಯನ್ನು ತಾಗಿದರೆ ಹೊರಲಾರದ ಆವಿಯನ್ನು ಅಲ್ಲಿಯೇ ನೀರಾಗಿ ಇಳಿಸಿಬಿಡುತ್ತದೆ. ತಣ್ಣೀರಿನ ತಂಬಿಗೆಯ ಹೊರಮೈಯಲ್ಲಿ ಹನಿ ಮೂಡುವುದು ಹೀಗೆ.

ನಮ್ಮಲ್ಲಿ ಈ ಕೇಡು ಹೆಚ್ಚಾಗಿ ಕಾಣುವುದು ತಗಡಿನ ಮನೆಗಳಲ್ಲಿ. ಚಳಿಗಾಲದ ಹೊಳವಾದ ರಾತ್ರಿಯಲ್ಲಿ ತಗಡು ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಒಳಗೆ ಮಲಗಿದವರ ಉಸಿರು, ರಾತ್ರಿಯ ಅಡಿಗೆಯ ಆವಿ ಅದರ ಒಳಮೈಗೆ ತಾಗಿ ಬೆಳಗಿನ ಜಾವ ಹನಿಹನಿಯಾಗಿ ತೊಟ್ಟಿಕ್ಕುತ್ತದೆ. ಮಳೆಯಿಲ್ಲದ ಕಾಲದಲ್ಲಿ ತಗಡು ಸೋರುತ್ತಿದೆ ಎಂದು ಮೊಳೆಯ ತೂತುಗಳಿಗೆ ಡಾಂಬರು ಹಚ್ಚುವವರುಂಟು. ಆ ತೂತುಗಳ ತಪ್ಪು ಏನೂ ಇಲ್ಲ. ಅಡಿಗೆಮನೆಯ ಆವಿಗೆ ಹೊರದಾರಿ ಬೇಕು. ಗೋಡೆಯ ನೆತ್ತಿಯಲ್ಲಿ ಎದುರುಬದುರಾಗಿ ಎರಡು ಕಿಂಡಿಗಳಿದ್ದರೆ ಆವಿ ತಾನಾಗಿ ಹೊರಡುತ್ತದೆ.

ತಗಡಿನ ಕೆಳಗೆ ಥರ್ಮೊಕೋಲಿನ ಹಲಗೆ ಹೊಡೆಸಿದಾಗ ಈ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಹಲಗೆ ತಗಡಿಗೆ ಅಂಟಿರದೆ ಅಂಗೈ ಅಗಲದ ಎಡೆ ಇರಬೇಕು. ಆ ಎಡೆಯ ಎರಡು ತುದಿಗಳಲ್ಲಿಯೂ ಗಾಳಿಗೆ ದಾರಿ ಇರಬೇಕು. ಇಲಿ ಗುಬ್ಬಿ ನುಗ್ಗದಂತೆ ಅಲ್ಲಿ ಜಾಳಿಗೆ ಹೊಡೆಯಬೇಕು. ಆಗ ಬೇಸಗೆಯಲ್ಲಿ ಕಾದ ಗಾಳಿ ಹೊರಗೆ ಹೋಗುತ್ತದೆ, ಚಳಿಗಾಲದ ಹನಿ ಆರುತ್ತದೆ. ಥರ್ಮೊಕೋಲಿಗೆ ಬೆಂಕಿ ಬೇಗ ಹತ್ತುತ್ತದೆ, ಕೆಟ್ಟ ಹೊಗೆ ಬರುತ್ತದೆ. ಒಲೆಯ ಮೇಲ್ಗಡೆ ಅದು ಬೇಡ. ಬಿಚ್ಚಿದ ವಿದ್ಯುತ್ ತಂತಿ ಅದಕ್ಕೆ ತಾಗಬಾರದು.

ಪರದೇಶದ ಉಪಾಯ, ನಮ್ಮ ಹವೆ

ಶೀತ ದೇಶಗಳಲ್ಲಿ ಮನೆಯ ಅಟ್ಟದ ತುಂಬ ಗಾಜಿನ ನಾರಿನ ದಪ್ಪ ಹಾಸನ್ನು ಹಾಸುತ್ತಾರೆ. ಅಲ್ಲಿ ಒಳಗೆ ಬಿಸಿ, ಹೊರಗೆ ಚಳಿ. ಆವಿ ಒಳಗಿನಿಂದ ಹೊರಕ್ಕೆ ಸಾಗುತ್ತದೆ. ಆದುದರಿಂದ ಆವಿ ತಡೆಯುವ ಹಾಳೆಯನ್ನು ಹಾಸಿನ ಒಳಬದಿಗೆ ಹಚ್ಚಿ, ಮೇಲೆ ಅಟ್ಟದ ಗಾಳಿಯಾಡುವಂತೆ ಬಿಡುತ್ತಾರೆ. ಈ ಪಾಠವನ್ನು ಇದ್ದ ಹಾಗೆ ಇಲ್ಲಿಗೆ ತಂದರೆ ಎಡವಟ್ಟಾಗುತ್ತದೆ. ಹವಾನಿಯಂತ್ರಣ ಯಂತ್ರ ಹಾಕಿಸಿದ ಕೋಣೆಯನ್ನು ನೋಡಿ. ಮಳೆಗಾಲದಲ್ಲಿ ಹೊರಗೆ ಬೆಚ್ಚನೆಯ ತೇವದ ಗಾಳಿ, ಒಳಗೆ ತಂಪು. ಇಲ್ಲಿ ಆವಿ ಹೊರಗಿನಿಂದ ಒಳಕ್ಕೆ ಹೊರಟಿರುತ್ತದೆ. ಹಾಳೆಯನ್ನು ಒಳಬದಿಗೆ ಹಚ್ಚಿದರೆ ಆವಿ ಅದರ ಬೆನ್ನಿಗೆ ತಾಗಿ ನೀರಾಗಿ, ಗಾಜಿನ ನಾರಿನೊಳಗೇ ಕೂಡುತ್ತದೆ. ಆದುದರಿಂದ ನಮ್ಮಲ್ಲಿ ತಡೆ ಇರಬೇಕಾದದ್ದು ಹೊರಬದಿಗೆ, ಬಿಡುವು ಇರಬೇಕಾದದ್ದು ಒಳಬದಿಗೆ. ಎರಡೂ ಬದಿಯನ್ನು ಬಿಗಿಯುವುದಂತೂ ಎಲ್ಲಿಯೂ ಸಲ್ಲದು.

ಕಾಂಕ್ರೀಟಿನ ಹೊಸ ಮನೆಗಳಲ್ಲಿ ನಡೆಯುವ ಇನ್ನೊಂದು ತಪ್ಪು ಅವಸರದ್ದು. ಒಂದು ಘನ ಮೀಟರ್ ಕಾಂಕ್ರೀಟ್ ಕಲಸಲು ಸುಮಾರು 180 ಲೀಟರ್ ನೀರು ಬೇಕು. ಅದರಲ್ಲಿ ಒಂದು ಪಾಲು ಸಿಮೆಂಟಿನೊಡನೆ ಕೂಡಿಹೋಗುತ್ತದೆ, ಉಳಿದದ್ದು ಮೆಲ್ಲಗೆ ಆರಬೇಕು. ಗೃಹಪ್ರವೇಶದ ಮುಹೂರ್ತ ಹತ್ತಿರ ಬಂತೆಂದು, ಹಸಿ ಆರದ ಛಾವಣಿಯ ಕೆಳಗೆ ಫಾಲ್ಸ್ ಸೀಲಿಂಗ್, ಮೇಲೆ ಬಿಸಿಲು ತಡೆಯುವ ಪದರ ಎರಡನ್ನೂ ಹಾಕಿ ಮುಚ್ಚಿದರೆ ಆ ನೀರಿಗೆ ಹೊರದಾರಿ ಎಲ್ಲಿ? ಒಂದು ಬೇಸಗೆಯಾದರೂ ಛಾವಣಿ ಆರಲಿ. ಮೇಲಿನ ಪದರ ಹಾಕುವ ಮುನ್ನ ದೋಣಿಯ ಬಾಯಿ ಕಟ್ಟಿ ಎರಡು ಅಂಗುಲ ನೀರನ್ನು ಎರಡು ಮೂರು ದಿನ ನಿಲ್ಲಿಸಿ ಕೆಳಗೆ ನೋಡಬೇಕು. ಇದು ಗಟ್ಟಿಯಾದ ಹೊಸ ಕಾಂಕ್ರೀಟಿಗೆ ಮಾತ್ರ ತಕ್ಕ ಪರೀಕ್ಷೆ. ಮಣ್ಣಿನ ಮಾಳಿಗೆಯ ಮೇಲೆ, ಹಳೆಯ ಕಲ್ಲಿನ ಛಾವಣಿಯ ಮೇಲೆ ಎಂದೂ ನೀರು ನಿಲ್ಲಿಸಬಾರದು. ಬಿಸಿಲು ತಡೆಯಲು ಕೆಲವರು ಗಡಿಗೆಗಳನ್ನು ಬೋರಲು ಹಾಕಿ ಮೇಲೆ ಗಾರೆ ಮುಚ್ಚುತ್ತಾರೆ. ಒಳ್ಳೆಯ ಉಪಾಯವೇ. ಆದರೆ ಮೇಲಿನ ಗಾರೆ ಬಿರಿದರೆ ಪ್ರತಿಯೊಂದು ಗಡಿಗೆಯ ಸುತ್ತಲೂ ನೀರು ತಂಗಿ ತಿಂಗಳುಗಟ್ಟಲೆ ಕೂಡುತ್ತದೆ.

ತೇವ ಎಲ್ಲಿಯದು?

ಛಾವಣಿಯ ಅಡಿಯಲ್ಲಿ ಕಲೆ ಕಂಡಾಗ ಅದು ಮೇಲಿನ ಸೋರಿಕೆಯೋ ಒಳಗಿನ ಆವಿಯೋ ಎಂದು ತಿಳಿಯದೆ ಹಣ ಸುರಿಯಬಾರದು. ಕಲ್ಲು ಅಥವಾ ಕಾಂಕ್ರೀಟಿನ ಛಾವಣಿಗೆ ಮನೆಯಲ್ಲಿಯೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಕಲೆಯಿದ್ದ ಕಡೆ ಮೇಲ್ಮೈಯನ್ನು ಒರೆಸಿ, ಒಂದು ಅಡಿ ಚೌಕದ ತೆಳು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಅಂಟುಪಟ್ಟಿಯಿಂದ ಬಿಗಿಯಾಗಿ ಹಚ್ಚಿ ಒಂದೆರಡು ದಿನ ಬಿಡಿ. ಹನಿ ಹಾಳೆಯ ಹಿಂದೆ, ಎಂದರೆ ಛಾವಣಿಯ ಕಡೆ ಮೂಡಿದ್ದರೆ ತೇವ ಛಾವಣಿಯೊಳಗಿನದು. ಹಾಳೆಯ ಮುಂದೆ, ಕೋಣೆಯ ಕಡೆ ಮೂಡಿದ್ದರೆ ಅದು ಕೋಣೆಯ ಆವಿ. ಮೊದಲನೆಯದಕ್ಕೆ ಗೌಂಡಿ ಬೇಕು, ಎರಡನೆಯದಕ್ಕೆ ಕಿಂಡಿ ಸಾಕು.

ಮರದ ಮಾಳಿಗೆಯಲ್ಲಿ ನೋಡಬೇಕಾದದ್ದು ತೊಲೆಯ ನಡುವನ್ನಲ್ಲ, ಗೋಡೆಯೊಳಗೆ ಹೊಕ್ಕ ಅದರ ತುದಿಯನ್ನು. ಗಾಳಿ ಸೋಕದ ಆ ತುದಿಯೇ ಮೊದಲು ಕೊಳೆಯುತ್ತದೆ. ದಬ್ಬಣದಿಂದ ಚುಚ್ಚಿ ನೋಡಿ. ಗಟ್ಟಿ ಮರ ತಡೆಯುತ್ತದೆ. ಕೊಳೆತ ಮರದಲ್ಲಿ ದಬ್ಬಣ ಸಲೀಸಾಗಿ ಇಳಿಯುತ್ತದೆ. ಅಟ್ಟದಲ್ಲಿ ಕಾಳುಕಡಿ ಇಟ್ಟವರು ಚೀಲಗಳನ್ನು ಗೋಡೆಗೆ, ಛಾವಣಿಗೆ ತಾಗಿಸದೆ ಇಡಬೇಕು. ಬೂಷ್ಟು ಹಿಡಿದ ಜೋಳ, ಶೇಂಗಾ ತಿನ್ನುವವರಿಗೂ ದನಗಳಿಗೂ ವಿಷ.

ವರ್ಷದ ಮೂರು ದಿನ

ಇಷ್ಟೆಲ್ಲವನ್ನೂ ನೆನಪಿಡುವುದು ಕಷ್ಟವೆನ್ನುವವರು ವರ್ಷದಲ್ಲಿ ಮೂರು ದಿನಗಳನ್ನು ಮಾಳಿಗೆಗೆ ಮೀಸಲಿಟ್ಟರೆ ಸಾಕು. ಮೊದಲನೆಯದು ಮಿರಗಕ್ಕೆ ಮುಂಚೆ, ಮೇ ತಿಂಗಳ ಕೊನೆಯಲ್ಲಿ. ಅಂದು ಹುಲ್ಲು ಕಿತ್ತು, ಬಿಲ ಮುಚ್ಚಿ, ದೋಣಿ ತೆಗೆಸಿ, ಒಂದು ಕೊಡ ನೀರು ಸುರಿದು ಅದು ಎತ್ತ ಹರಿಯುವುದೆಂದು ನೋಡಬೇಕು. ಎರಡನೆಯದು ಮಳೆಗಾಲದ ನಡುವೆ, ಹೊಳವಾದ ಒಂದು ದಿನ. ತಾಡಪತ್ರಿ ತೆಗೆದು ಗಾಳಿಯಾಡಿಸಿ, ದೋಣಿಯ ಬಾಯಿ ಮತ್ತೊಮ್ಮೆ ಬಿಡಿಸಬೇಕು. ಮೂರನೆಯದು ಸ್ವಾತಿ ಮಳೆ ಕಳೆದ ಮೇಲೆ. ಅಂದು ಒಳಗಿನಿಂದ ಕಲೆಗಳನ್ನು ಗುರುತಿಸಿ, ತೊಲೆಯ ತುದಿ ಚುಚ್ಚಿ, ಬೇಸಗೆಯಲ್ಲಿ ಮಾಡಿಸಬೇಕಾದ ಕೆಲಸವನ್ನು ಗೊತ್ತುಮಾಡಿಕೊಳ್ಳಬೇಕು.

ಇನ್ನೊಂದು ಮಾತು. ಬಿಡದೆ ಮಳೆ ಸುರಿಯುತ್ತಿರುವಾಗ ತೊಲೆ ಬಗ್ಗಿದಂತೆ ಕಂಡರೆ, ಮರ ಲಟಕ್ಕೆಂದರೆ, ಒಣಮಣ್ಣು ಉದುರುತ್ತಿದ್ದ ಕಡೆ ಹಸಿಮಣ್ಣು ಉದುರತೊಡಗಿದರೆ, ಬಾಗಿಲು ಇದ್ದಕ್ಕಿದ್ದಂತೆ ಚೌಕಟ್ಟಿನಲ್ಲಿ ಬಿಗಿಹಿಡಿದರೆ ಮಾಳಿಗೆ ಹತ್ತಿ ಮಣ್ಣು ಎಳೆಯುವ ಹೊತ್ತು ಅದಲ್ಲ. ಹತ್ತಿದವನ ಭಾರವೂ ಅದಕ್ಕೆ ಹೆಚ್ಚು. ಮಕ್ಕಳನ್ನು, ಮುದುಕರನ್ನು ಎಬ್ಬಿಸಿಕೊಂಡು ಆ ರಾತ್ರಿಯೇ ಗುಡಿಗೋ ಶಾಲೆಗೋ ನೆರೆಯವರ ಗಟ್ಟಿ ಮನೆಗೋ ಹೋಗಿ ಮಲಗಬೇಕು. ನಾಲ್ಕು ಮಂದಿ ನಕ್ಕರೆ ನಗಲಿ. ಮಾಳಿಗೆ ನಿಂತಿದ್ದರೆ ಬೆಳಿಗ್ಗೆ ಮರಳಿ ಬಂದರಾಯಿತು. ಬಿದ್ದಿದ್ದರೆ ಮಣ್ಣನ್ನು ತೆಗೆದು ಮತ್ತೆ ಮನೆ ಕಟ್ಟಿಕೊಳ್ಳಲು ಮನೆಯವರಾದರೂ ಉಳಿದಿರುತ್ತಾರೆ.